ಊರು ಯಾವುದು, ತಾರೀಖು ಎಷ್ಟು, ಹೇಳಿದವರು ಯಾರು? ಹುಬ್ಬಳ್ಳಿ-ಧಾರವಾಡದ ಗ್ರೂಪ್ ಅಡ್ಮಿನ್‌ಗಳಿಗೆ ಒಂದು ಬಹಿರಂಗ ಪತ್ರ

ಅಡ್ಮಿನ್ ಅಣ್ಣಾವರೇ, ಅಕ್ಕಾವರೇ,

ನಮಸ್ಕಾರ.

ಈ ಪತ್ರವನ್ನು ಪಾಲಿಕೆ ಆಯುಕ್ತರಿಗೆ ಬರೆಯಬಹುದಿತ್ತು. ಪೊಲೀಸ್ ಆಯುಕ್ತರಿಗೂ ಬರೆಯಬಹುದಿತ್ತು. ನಿಮಗೇ ಬರೆಯುತ್ತಿದ್ದೇನೆ. ಯಾಕಂದ್ರೆ ಅವಳಿ ನಗರದ ಜನ ಬೆಳಿಗ್ಗೆ ಎದ್ದ ಕೂಡಲೇ ನೋಡುವುದು ನಿಮ್ಮ ಗ್ರೂಪನ್ನು. ಪೇಪರ್ ಆಮೇಲೆ, ಟಿವಿ ಅದಕ್ಕೂ ಆಮೇಲೆ. ನವನಗರದ ಅಪಾರ್ಟ್‌ಮೆಂಟ್ ಗ್ರೂಪ್, ಹಳೇ ಹುಬ್ಬಳ್ಳಿಯ ಓಣಿ ಗ್ರೂಪ್, ಕೆಲಗೇರಿ ಕೆರೆಗೆ ವಾಕಿಂಗ್ ಹೋಗುವವರ ಗ್ರೂಪ್, ದಿನಾ ಚಿಗರಿ ಬಸ್ಸಿನಲ್ಲಿ ಓಡಾಡುವ ನೌಕರರ ಗ್ರೂಪ್, ಗಣಪತಿ ಕೂರಿಸುವ ಮಂಡಳಿಯ ಗ್ರೂಪ್. ಒಂದು ವಾಟ್ಸಾಪ್ ಗ್ರೂಪ್‌ನಲ್ಲಿ 1,024 ಜನರವರೆಗೆ ಇರಬಹುದು. ಅವಳಿ ನಗರದಲ್ಲಿ 82 ವಾರ್ಡ್‌ಗಳಿವೆ. ವಾರ್ಡಿಗೆ ನಾಲ್ಕೈದು ಗ್ರೂಪ್ ಅಂತ ಹಿಡಿದರೂ ಲೆಕ್ಕ ನೀವೇ ಹಾಕಿ. ಪೇಪರ್ ಹಾಕುವ ಹುಡುಗ ಹತ್ತದ ಮೆಟ್ಟಿಲನ್ನೂ ನೀವು ಹತ್ತಿದ್ದೀರಿ.

ನೀವು ಸುದ್ದಿ ಸಂಪಾದಕ ಆಗಬೇಕು ಅಂತ ಗ್ರೂಪ್ ಮಾಡಿದವರಲ್ಲ, ಗೊತ್ತು. ಯಾರದೋ ಮದುವೆಗೆ ಬಸ್ ಮಾಡಿಸಲು ಶುರುವಾದ ಗ್ರೂಪ್, ಮದುವೆ ಮುಗಿದ ಮೇಲೂ ಉಳಿದುಕೊಂಡಿತು. ಈಗ ಅದರಲ್ಲಿ ನೀರಿನ ಸುದ್ದಿ, ಕರೆಂಟಿನ ಸುದ್ದಿ, ಕಳ್ಳತನದ ಸುದ್ದಿ, ಮರಣದ ಸುದ್ದಿ ಎಲ್ಲ ಬರುತ್ತವೆ. ಆದರೂ ನನ್ನ ಬೇಡಿಕೆ ಸಂಪಾದಕರನ್ನು ಕೇಳುವಂಥದ್ದೇ: ನಿಮ್ಮ ಗ್ರೂಪ್‌ಗೆ ಬರುವ ಪ್ರತಿ ಸುದ್ದಿಗೂ ಊರು, ತಾರೀಖು, ಹೇಳಿದವರ ಹೆಸರು ಇರಬೇಕು ಅಂತ ಹಟ ಹಿಡಿಯಿರಿ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ತೆಗೆದುಹಾಕಿ.

ಇಷ್ಟೇನಾ ಅನ್ನಬೇಡಿ. ಜುಲೈ ತಿಂಗಳ ಒಂದು ಸಂಜೆ ನೆನಪು ಮಾಡಿಕೊಳ್ಳಿ. ಎರಡು ದಿನದಿಂದ ಜಿಟಿಜಿಟಿ ಮಳೆ. ಎಲ್ಲ ಗ್ರೂಪ್‌ನಲ್ಲೂ ಒಂದೇ ಪ್ರಶ್ನೆ, "ನಾಳೆ ಸಾಲಿ ಸೂಟಿ ಐತೇನ್ರೀ?" ಸ್ವಲ್ಪ ಹೊತ್ತಿಗೆ ಜಿಲ್ಲಾಧಿಕಾರಿಗಳ ಆದೇಶದ ಫೋಟೋ ಬಂದೇಬಿಡುತ್ತದೆ. ಸೀಲು ಇದೆ, ಸಹಿ ಇದೆ. ಮಕ್ಕಳು ಕುಣಿಯುತ್ತಾರೆ. ಹಿಗ್ಗಿಸಿ ನೋಡಿದರೆ ಅದು ಹೋದ ವರ್ಷದ ಆದೇಶ. ಅಥವಾ ಬೇರೆ ಜಿಲ್ಲೆಯದು. ಒಮ್ಮೊಮ್ಮೆ ಯಾವನೋ ಹುಷಾರು ಹುಡುಗ ತಾರೀಖಿನ ಮೇಲೆ ಬೇರೆ ತಾರೀಖು ಕೂರಿಸಿರುತ್ತಾನೆ. (ಅವನ ಕೈಚಳಕ ಮೆಚ್ಚುವಂಥದ್ದೇ, ಆ ಮಾತು ಬೇರೆ.) ಇಲ್ಲಿ ಪೂರ್ತಿ ಸುಳ್ಳು ಹೇಳಿದವರು ಕಡಿಮೆ. ನಿಜವಾದ ಕಾಗದವೇ, ಆದರೆ ಇವತ್ತಿನದಲ್ಲ, ನಮ್ಮದಲ್ಲ. ನಮ್ಮ ಗ್ರೂಪ್‌ಗಳಲ್ಲಿ ಓಡಾಡುವ ತಪ್ಪು ಸುದ್ದಿಯಲ್ಲಿ ಬಹುಪಾಲು ಈ ಜಾತಿಯದು. ಹಳೆಯ ನಿಜ, ಹೊಸದಾಗಿ ಬರುತ್ತದೆ.

ಪತ್ರಿಕೆಯವರು ಈ ಸಮಸ್ಯೆಯನ್ನು ಎಂದೋ ಬಗೆಹರಿಸಿಕೊಂಡಿದ್ದರು. 'ಸಂಯುಕ್ತ ಕರ್ನಾಟಕ' ಎಷ್ಟೋ ದಶಕಗಳಿಂದ ಹುಬ್ಬಳ್ಳಿಯಿಂದ ಬರುತ್ತಿದೆ. ಅದಕ್ಕೂ ಮೊದಲು, 1921ರಲ್ಲಿ, ಧಾರವಾಡದಿಂದ 'ಕರ್ಮವೀರ' ಹೊರಟಿತ್ತು. ಯಾವ ಪತ್ರಿಕೆಯನ್ನೇ ತೆಗೆಯಿರಿ, ಪುಟದ ನೆತ್ತಿಯ ಮೇಲೆ ತಾರೀಖು, ಸುದ್ದಿಯ ಮೊದಲ ಸಾಲಿಗೇ ಊರಿನ ಹೆಸರು. ನವಲಗುಂದ ಅಂದರೆ ನವಲಗುಂದ, ಶಿಗ್ಗಾವಿ ಅಂದರೆ ಶಿಗ್ಗಾವಿ. ಕೊನೆಗೆ ಅದು ವರದಿಗಾರರದೋ, ಸುದ್ದಿಸಂಸ್ಥೆಯದೋ, ಇಲಾಖೆಯ ಪ್ರಕಟಣೆಯೋ ಅನ್ನುವ ಗುರುತು. ಧಾರವಾಡ ಆಕಾಶವಾಣಿ 1950ರ ಜನವರಿ 8ಕ್ಕೆ ಶುರುವಾಯಿತು. ರೇಡಿಯೊದಲ್ಲಿ ಕೇಳಿದ ಸುದ್ದಿ ಯಾವತ್ತಿನದು ಅಂತ ಯಾರೂ ಕೇಳಬೇಕಾಗಿರಲಿಲ್ಲ, ಅದು ಆ ಹೊತ್ತಿನದೇ. ಫೋನಿಗೆ ಬಂದ ಮೇಲೆ ಈ ಗುರುತುಗಳೆಲ್ಲ ಉದುರಿಹೋದವು. ಪೇಪರಿನ ತುಣುಕನ್ನು ಸ್ಕ್ರೀನ್‌ಶಾಟ್ ತೆಗೆದು, ಅಂದ ಕಾಣಲಿ ಅಂತ ಮೇಲಿನ ತಾರೀಖು ಕತ್ತರಿಸಿ ಕಳಿಸುತ್ತೇವೆ. ಎಕ್ಸ್‌ಪೈರಿ ತಾರೀಖು ಇರುವ ತುದಿಯನ್ನೇ ಕತ್ತರಿಸಿ ಮಾತ್ರೆ ಕೊಟ್ಟ ಹಾಗೆ.

ಶಾಲೆ ಸೂಟಿಯ ಸುದ್ದಿ ತಪ್ಪಾದರೆ ಒಂದು ದಿನದ ಪಾಠ ಹೋದೀತು. ಆದರೆ ಇದೇ ಮಳೆಗಾಲದಲ್ಲಿ ಇನ್ನೊಂದು ಸುದ್ದಿ ಓಡಾಡುತ್ತದೆ. ನವಿಲುತೀರ್ಥ ಜಲಾಶಯದಿಂದ ಮಲಪ್ರಭೆಗೆ ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಟ್ಟಿದ್ದಾರೆ ಅನ್ನುವ ಸುದ್ದಿ. ಜಲಾಶಯ ಇರುವುದು ಬೆಳಗಾವಿ ಜಿಲ್ಲೆಯ ಸವದತ್ತಿ ಹತ್ತಿರ. ಪೆಟ್ಟು ಬೀಳುವುದು ಗದಗ ಜಿಲ್ಲೆಯ ನರಗುಂದ ತಾಲ್ಲೂಕಿಗೆ, ಕೊಣ್ಣೂರು, ಲಖಮಾಪುರದಂಥ ಊರುಗಳಿಗೆ. 2019ರ ಆಗಸ್ಟ್‌ನಲ್ಲಿ ಕೊಣ್ಣೂರಿನ ಹತ್ತಿರ ಹೊಳೆ ಉಕ್ಕಿ ಹುಬ್ಬಳ್ಳಿ-ವಿಜಯಪುರ ರಸ್ತೆಯೇ ಬಂದ್ ಆಗಿತ್ತು. ಆ ಊರಿನ ಎಷ್ಟೋ ಮನೆಯ ಮಕ್ಕಳು ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾರೆ, ಓದುತ್ತಿದ್ದಾರೆ. ಅವರು ಇಲ್ಲಿನ ಗ್ರೂಪ್‌ನಲ್ಲಿ ನೋಡಿದ್ದನ್ನು ಊರಿಗೆ ಕಳಿಸುತ್ತಾರೆ. ಮೊನ್ನೆಯ ಅಂಕಿ ಇವತ್ತು ಹೋದರೆ ಏನಾಗುತ್ತದೆ ಯೋಚಿಸಿ. ಒಂದೋ ಜನ ಸುಮ್ನೆ ಹೆದರಿ ದನಕರು ಹೊಡೆದುಕೊಂಡು ಹೊರಡುತ್ತಾರೆ. ಇಲ್ಲವೇ, ಇದು ಇನ್ನೂ ಕೆಟ್ಟದ್ದು, ಎರಡು ಸಲ ಹೀಗೆ ಹೊರಟು ವಾಪಸ್ ಬಂದವರು ಮೂರನೇ ಸಲ ನಿಜವಾದ ಎಚ್ಚರಿಕೆ ಬಂದಾಗ ಕದಲುವುದೇ ಇಲ್ಲ. ನೀರು ಬಿಟ್ಟ ಸುದ್ದಿಗೆ ತಾರೀಖಷ್ಟೇ ಸಾಲದು, ಗಂಟೆಯೂ ಬೇಕು. "ಇವತ್ತು" ಅಂತ ಬರೆದರೆ ನಾಳೆ ಓದುವವನಿಗೂ ಅದು ಇವತ್ತೇ.

ಮಳೆ ವಿಷಯಕ್ಕಾದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆ, 92433 45433. ನಿಮ್ಮ ಗ್ರೂಪ್‌ನಲ್ಲಿ ಪಿನ್ ಮಾಡಿಡಿ. ಒಂದು ಮೆಸೇಜನ್ನು 30 ದಿನದವರೆಗೆ ಪಿನ್ ಮಾಡಲು ಬರುತ್ತದೆ.

ರಕ್ತ ಬೇಕು ಅನ್ನುವ ಮೆಸೇಜುಗಳ ಕಥೆ ಇನ್ನೊಂದು. "ಅರ್ಜೆಂಟ್, ಓ ನೆಗೆಟಿವ್, ದಯವಿಟ್ಟು ಶೇರ್ ಮಾಡಿ." ಕೆಳಗೆ ಒಂದು ಫೋನ್ ನಂಬರ್. ಯಾವ ದಿನದ್ದು ಅಂತ ಇಲ್ಲ. ರೋಗಿ ಗುಣವಾಗಿ ಮನೆಗೆ ಹೋಗಿ ವರ್ಷವಾಗಿರಬಹುದು. ಅಥವಾ ತೀರಿಕೊಂಡಿರಬಹುದು, ಮತ್ತು ಆ ನಂಬರಿನ ಮನುಷ್ಯನಿಗೆ ಈಗಲೂ ರಾತ್ರಿ ಫೋನ್ ಬರುತ್ತಿರಬಹುದು. ಮಗು ಕಾಣೆಯಾಗಿದೆ ಅನ್ನುವ ಫೋಟೋಗಳೂ ಹಾಗೇ. ಸಿಕ್ಕ ಮಗುವಿನ ಮುಖ ಊರೂರು ಸುತ್ತುತ್ತಲೇ ಇರುತ್ತದೆ. ಫಾರ್ವರ್ಡ್ ಮಾಡುವವರ ಮನಸ್ಸು ಒಳ್ಳೆಯದೇ. ಅದಕ್ಕೇ ಅಡ್ಮಿನ್ ಆದವರು ಅವರನ್ನು ಬೈಯದೆ ಒಂದು ಮಾತು ಕೇಳಬೇಕು: "ಆ ನಂಬರಿಗೆ ನೀವು ಫೋನ್ ಮಾಡಿ ನೋಡಿದ್ರೇನ್ರೀ?" ಮಕ್ಕಳ ವಿಷಯಕ್ಕೆ 1098 ಅನ್ನುವ ಸಹಾಯವಾಣಿ ಇದ್ದೇ ಇದೆ.

ನಿಮ್ಮಲ್ಲಿ ಕೆಲವರು ಬ್ಯಾಡಗಿ, ಹಾವೇರಿ ಕಡೆಯ ರೈತರ ಗ್ರೂಪ್‌ಗಳಲ್ಲೂ ಇದ್ದೀರಿ. ಅಲ್ಲಿ ಮೆಣಸಿನಕಾಯಿ ದರವೇ ದೊಡ್ಡ ಸುದ್ದಿ. ಅದು ಎಷ್ಟು ಸೂಕ್ಷ್ಮ ಅನ್ನುವುದನ್ನು ಬ್ಯಾಡಗಿ 2024ರ ಮಾರ್ಚ್ 11ರಂದು ನೋಡಿದೆ. ದರ ಕುಸಿಯಿತು ಅಂತ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದರು. ಅದು ವಾಟ್ಸಾಪ್‌ನಿಂದ ಆಯಿತು ಅಂತ ನಾನು ಹೇಳುತ್ತಿಲ್ಲ. ನಾನು ಹೇಳುವುದು ದರದ ಮೆಸೇಜಿನ ಬಗ್ಗೆ. ಮಾರುಕಟ್ಟೆಯ ಲೆಕ್ಕದಲ್ಲಿ ಮೂರು ದರ ಇರುತ್ತವೆ: ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ ದರ). ಫಾರ್ವರ್ಡ್ ಆಗುವುದು ಬರೀ ಗರಿಷ್ಠ ದರ. ಎಲ್ಲೋ ಒಬ್ಬರ ನಾಲ್ಕು ಚೀಲ ಡಬ್ಬಿ ಅನ್ನುವ ದುಬಾರಿ ತಳಿಯ ಕಾಯಿಗೆ ಸಿಕ್ಕ ಬೆಲೆ ನೋಡಿ, ಕಡ್ಡಿ ತಳಿ ಬೆಳೆದವನೂ ಗಾಡಿ ಬಾಡಿಗೆ ಮಾಡಿಕೊಂಡು ಹೊರಡುತ್ತಾನೆ. ಮಾರುಕಟ್ಟೆಗೆ ಹೋಗಿ ನಿಂತಾಗ ತನಗೆ ಮೋಸ ಆಯಿತು ಅನಿಸುತ್ತದೆ. ಸರ್ಕಾರದ 'ಕೃಷಿ ಮಾರಾಟ ವಾಹಿನಿ'ಯಲ್ಲಿ ಮಾರುಕಟ್ಟೆವಾರು ದರ ಸಿಗುತ್ತದೆ. ದರ ಹಾಕುವವರು ಯಾವ ತಳಿ, ಯಾವ ದಿನ, ಮಾದರಿ ದರ ಎಷ್ಟು ಅಂತ ಹಾಕಲಿ. ಇಲ್ಲಾಂದ್ರೆ ಹಾಕುವುದೇ ಬೇಡ.

ಇನ್ನು ಹೆದರಿಕೆಯ ಸುದ್ದಿಗೆ ಬರೋಣ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಮೆಸೇಜು ರಾಜ್ಯವಿಡೀ ಓಡಾಡಿತು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತರುತ್ತೇವೆ ಅಂತ ಹೇಳಿತು. 2020ರಲ್ಲಿ, ಬಹಳ ಸಲ ಫಾರ್ವರ್ಡ್ ಆದ ಮೆಸೇಜು ಒಮ್ಮೆಗೆ ಒಂದೇ ಕಡೆ ಹೋಗುವ ಹಾಗೆ ಮಾಡಿತು. ಅಂಥ ಮೆಸೇಜಿನ ನೆತ್ತಿಯಲ್ಲಿ ಜೋಡಿ ಬಾಣದ ಗುರುತು ಇರುತ್ತದೆ. ಆ ಗುರುತು ಕಂಡರೆ ಒಂದು ವಿಷಯ ಖಚಿತ: ಅದು ಬಹಳ ಕೈ ದಾಟಿ ಬಂದದ್ದು. ಗ್ರೂಪ್‌ನಲ್ಲಿ ಇದನ್ನೊಂದು ಕಟ್ಟಳೆ ಮಾಡಿಬಿಡಿ. ಜೋಡಿ ಬಾಣದ ಸುದ್ದಿ ಹಾಕುವವರು ಮೊದಲು ನಿಮಗೆ ಕಳಿಸಲಿ, ಗ್ರೂಪ್‌ಗಲ್ಲ.

ನಮ್ಮೂರಿನ ಉದಾಹರಣೆಯೂ ದೂರದ್ದಲ್ಲ. 2022ರ ಏಪ್ರಿಲ್ 16ರ ರಾತ್ರಿ ಸಾಮಾಜಿಕ ಜಾಲತಾಣದ ಒಂದು ಪೋಸ್ಟ್‌ನಿಂದಾಗಿ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮುಂದೆ ಗುಂಪು ಸೇರಿತು, ಕಲ್ಲು ತೂರಾಟವಾಯಿತು, ಪೊಲೀಸರಿಗೆ ಗಾಯವಾಯಿತು. ಆ ರಾತ್ರಿಯ ಬಗ್ಗೆ ಯಾರ ಪಕ್ಷವನ್ನೂ ವಹಿಸಲು ಇಲ್ಲಿ ಬರೆಯುತ್ತಿಲ್ಲ. ಅಂಥ ಹೊತ್ತಿನಲ್ಲಿ ಅಡ್ಮಿನ್‌ಗಳ ಕೈಯಲ್ಲಿ ಒಂದು ಗುಂಡಿ ಇದೆ ಅಂತ ನೆನಪಿಸಲು ಅಷ್ಟೇ. ಅಡ್ಮಿನ್ ಮಾತ್ರ ಮೆಸೇಜು ಹಾಕಬಹುದು ಅನ್ನುವ ಸೆಟ್ಟಿಂಗ್. ಊರು ಬಿಸಿಯಾದ ರಾತ್ರಿ ಅದನ್ನು ಒತ್ತಿ ಮಲಗಿ. ಬೆಳಿಗ್ಗೆ ತೆಗೆದರಾಯಿತು. ಒಬ್ಬಿಬ್ಬರು ಸಿಟ್ಟಾಗುತ್ತಾರೆ, ಆಗಲಿ.

"ನಮ್ಮ ಮೇಲೇ ಕೇಸ್ ಹಾಕ್ತಾರ್ರೀ" ಅಂತ ಹೆದರಿ ಕೆಲವರು ಅಡ್ಮಿನ್ ಪಟ್ಟ ಬಿಟ್ಟಿದ್ದಾರೆ. ಆ ಹೆದರಿಕೆ ಪೂರ್ತಿ ಸರಿಯಲ್ಲ. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಒಂದೇ ಮಾತು ಹೇಳಿವೆ: ಸದಸ್ಯ ಹಾಕಿದ ತಪ್ಪು ಮೆಸೇಜಿಗೆ, ಬರೀ ಅಡ್ಮಿನ್ ಅನ್ನುವ ಕಾರಣಕ್ಕೆ ಹೊಣೆ ಹೊರಿಸಲು ಬರುವುದಿಲ್ಲ. ಅವರ ಜೊತೆ ಕೈ ಸೇರಿಸಿದ್ದರೆ ಆ ಮಾತು ಬೇರೆ. ಆದರೆ ಆ ಕಾಲಕ್ಕೆ ಅಡ್ಮಿನ್‌ಗೆ ಬೇರೆಯವರ ಮೆಸೇಜು ಅಳಿಸಲು ಬರುತ್ತಿರಲಿಲ್ಲ. 2022ರ ಕೊನೆಯ ತಿಂಗಳುಗಳಿಂದ ಬರುತ್ತದೆ. ಹೊಣೆ ಕೋರ್ಟಿನದ್ದಲ್ಲದಿದ್ದರೂ ಓಣಿಯದ್ದಂತೂ ಹೌದು.

ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗುವುದು ಅಪಘಾತದ ಫೋಟೋಗಳನ್ನು ನೋಡಿದಾಗ. ಹುಬ್ಬಳ್ಳಿ-ಧಾರವಾಡ ಬೈಪಾಸ್ ನಮಗೆಲ್ಲ ಗೊತ್ತು. 2021ರ ಜನವರಿ 15ರ ಬೆಳಿಗ್ಗೆ ಇಟಿಗಟ್ಟಿ ಹತ್ತಿರ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಹೆಣ್ಣುಮಕ್ಕಳಿದ್ದ ವಾಹನ ಟಿಪ್ಪರ್‌ಗೆ ಡಿಕ್ಕಿಯಾಯಿತು. ದಾರಿಯಲ್ಲಿ ಅವರು ತೆಗೆದುಕೊಂಡ ಸೆಲ್ಫಿ ಊರೆಲ್ಲ ಹರಿದಾಡಿತು. ಎರಡು ಲೇನಿನ ಆ ರಸ್ತೆ ಅಗಲವಾಗಬೇಕು ಅನ್ನುವ ಕೂಗಿಗೆ ಬಲ ಬಂದದ್ದು ಜನ ಸುಮ್ಮನಿರದೆ ಮಾತಾಡಿದ್ದರಿಂದಲೇ. ಆಮೇಲೆ ಅಗಲೀಕರಣದ ಕೆಲಸವೂ ಶುರುವಾಯಿತು. ಹಾಗಾಗಿ ಅಪಘಾತದ ಸುದ್ದಿಯನ್ನೇ ಹಂಚಬೇಡಿ ಅಂತ ನಾನು ಹೇಳಲಾರೆ. ಎಲ್ಲಿ ಆಯಿತು, ರಸ್ತೆ ಯಾವ ಕಡೆ ಬಂದ್ ಆಗಿದೆ, ಆ ತಿರುವಿನಲ್ಲಿ ಫಲಕ ಇದೆಯಾ ಇಲ್ಲವಾ, ಇವೆಲ್ಲ ಬೇಕಾದ ಸುದ್ದಿ. ರಸ್ತೆ ಮೇಲೆ ಬಿದ್ದ ದೇಹದ ಫೋಟೋ ಯಾರಿಗೆ ಬೇಕು? ಗಾಡಿಯ ನಂಬರ್ ಪ್ಲೇಟ್ ಹಿಗ್ಗಿಸಿ ಹಾಕುವುದು ಯಾಕೆ? ಮನೆಯವರಿಗೆ ಪೊಲೀಸರು ಫೋನ್ ಮಾಡುವ ಮೊದಲೇ ಓಣಿಯ ಗ್ರೂಪ್‌ನಲ್ಲಿ ಆ ಫೋಟೋ ಬಂದಿರುತ್ತದೆ. ಆ ಗ್ರೂಪ್‌ನಲ್ಲಿ ಆ ಮನೆಯ ಮಗಳೂ ಇರುತ್ತಾಳೆ. ಇಂಥದ್ದು ಬಂದರೆ ಚರ್ಚೆ ಬೇಡ, ಅಳಿಸಿ, ಹಾಕಿದವರಿಗೆ ಫೋನ್ ಮಾಡಿ ಹೇಳಿ.

ಮಕ್ಕಳ ಮೇಲೆ ದೌರ್ಜನ್ಯ ಆದ ಸುದ್ದಿಯಲ್ಲಂತೂ ಕಾನೂನೇ ಕಟ್ಟುನಿಟ್ಟಾಗಿದೆ. ಪೋಕ್ಸೊ ಕಾಯ್ದೆಯ 23ನೇ ಕಲಂ, ಬಾಲನ್ಯಾಯ ಕಾಯ್ದೆಯ 74ನೇ ಕಲಂ ಎರಡೂ ಮಗುವಿನ ಗುರುತು ಬಯಲು ಮಾಡಬಾರದು ಅನ್ನುತ್ತವೆ. ಹೆಸರು, ಫೋಟೋ, ವಿಳಾಸ, ಶಾಲೆ ಯಾವುದೂ ಬೇಡ. "ನ್ಯಾಯ ಸಿಗಲಿ" ಅಂತ ಕೆಳಗೆ ಬರೆದರೂ ಫೋಟೋ ಫೋಟೋನೇ.

ಇನ್ನೊಂದು ವಿಷಯ ಇದೆ, ಇದನ್ನು ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಬೆಳಿಗ್ಗೆ ಆರಕ್ಕೆ ಎಲ್ಲ ಪತ್ರಿಕೆಗಳ ಪಿಡಿಎಫ್ ಗ್ರೂಪ್‌ಗೆ ಬಂದು ಬೀಳುತ್ತದೆ. ಹಾಕಿದವರಿಗೆ ಹತ್ತು ನಮಸ್ಕಾರದ ಚಿತ್ರ. ಪತ್ರಿಕೆ ಕೊಳ್ಳುವ ದುಡ್ಡು ಉಳಿಯಿತು ಅಂತ ಖುಷಿ. ಪಾಲಿಕೆಯ ಸಾಮಾನ್ಯ ಸಭೆಯಲ್ಲಿ ಸಂಜೆವರೆಗೆ ಕೂತು, ಯಾವ ವಾರ್ಡಿನ ಟೆಂಡರ್ ಯಾಕೆ ತಡವಾಯಿತು ಅಂತ ಬರೆದುಕೊಂಡು ಬಂದವರು ಯಾರು? ಜಿಲ್ಲಾ ನ್ಯಾಯಾಲಯದ ಮೆಟ್ಟಿಲ ಮೇಲೆ ಕಾದವರು ಯಾರು? ಗ್ರೂಪ್‌ನಲ್ಲಿರುವ ನಾವ್ಯಾರೂ ಅಲ್ಲ. ತಾಲ್ಲೂಕಿನ ಬಿಡಿ ಸುದ್ದಿಗಾರರಿಗೆ ಸಿಗುವುದು ಅಷ್ಟಕ್ಕಷ್ಟೇ. ಇ-ಪೇಪರ್ ಹೀಗೆ ಹಂಚುವುದು ಕಾನೂನಿಗೂ ಹೊರತು. 2020ರಲ್ಲಿ ಜಾಗರಣ್ ಪತ್ರಿಕೆಯವರು ಟೆಲಿಗ್ರಾಮ್ ಮೇಲೆ ದೆಹಲಿ ಹೈಕೋರ್ಟಿಗೆ ಹೋದಾಗ, ಅಂಥ ಚಾನೆಲ್‌ಗಳನ್ನು ತೆಗೆಯುವಂತೆ ಕೋರ್ಟ್ ಹೇಳಿತು. ಕಾನೂನು ಬಿಡಿ, ನಾಳೆ ಆ ಸುದ್ದಿಗಾರ ಕೆಲಸ ಬಿಟ್ಟು ಬೇರೆ ದಾರಿ ಹಿಡಿದರೆ ನಿಮ್ಮ ಗ್ರೂಪ್‌ಗೆ ಬರುವುದು ಗುಡ್ ಮಾರ್ನಿಂಗ್ ಹೂವು ಮಾತ್ರ. ಪತ್ರಿಕೆಯ ವೆಬ್‌ಸೈಟಿನ ಕೊಂಡಿ ಹಾಕಿ. ತುಣುಕು ಹಾಕಲೇಬೇಕಾದರೆ ಪತ್ರಿಕೆಯ ಹೆಸರು, ತಾರೀಖು ಕತ್ತರಿಸಬೇಡಿ.

ಇಲ್ಲಿ ಅಧಿಕಾರಿಗಳಿಗೂ ಒಂದು ಮಾತು, ಈ ಪತ್ರ ಅವರ ಫೋನಿಗೂ ಹೋಗುತ್ತದೆ ಅಂತ ಗೊತ್ತು. ಕರೆಂಟ್ ತೆಗೆಯುವ ಪ್ರಕಟಣೆಯಲ್ಲಿ ಇಂತಿಷ್ಟು ಕೆ.ವಿ. ಉಪಕೇಂದ್ರ, ಇಂಥ ಫೀಡರ್ ಅಂತ ಮೊದಲು ಬರೆಯುತ್ತೀರಿ. ನಮಗೆ ಫೀಡರ್ ಗೊತ್ತಿಲ್ಲ ಸಾಹೇಬರೇ, ಓಣಿ ಗೊತ್ತು. ಓಣಿಯ ಹೆಸರು ಮೊದಲು ಬರಲಿ. ಮತ್ತೆ, ಆದೇಶವನ್ನು ಮೇಜಿನ ಮೇಲಿಟ್ಟು ಓರೆಯಾಗಿ ಫೋಟೋ ಹೊಡೆದು ಹಾಕಬೇಡಿ. ಅಕ್ಷರದಲ್ಲಿ ಟೈಪ್ ಮಾಡಿ ಹಾಕಿ. ಫೋಟೋದೊಳಗಿನ ಅಕ್ಷರ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳಲು ಒದ್ದಾಡುತ್ತದೆ. ಮೇಲಾಗಿ, ತಾರೀಖು ಬದಲಿಸಿ ಸೂಟಿ ಕೊಡುವ ಹುಡುಗನಿಗೂ ಫೋಟೋನೇ ಅನುಕೂಲ. ನಿಮ್ಮದೇ ಅಧಿಕೃತ ಪುಟದಲ್ಲಿ ಅಕ್ಷರದಲ್ಲಿದ್ದರೆ ಅಡ್ಮಿನ್‌ಗಳು ಅಲ್ಲಿಗೆ ಬೊಟ್ಟು ಮಾಡಿ ತೋರಿಸುತ್ತಾರೆ.

ಸುದ್ದಿ ತಪ್ಪು ಅಂತ ಗೊತ್ತಾದ ಮೇಲೆ ಏನು ಮಾಡುತ್ತೀರಿ? ಬಹಳ ಕಡೆ ಗುಟ್ಟಾಗಿ ಅಳಿಸಿಬಿಡುತ್ತಾರೆ. ಅದು ಸಾಲದು. ಅಳಿಸುವಷ್ಟರಲ್ಲಿ ಅರ್ಧ ಗ್ರೂಪ್ ಓದಿರುತ್ತದೆ, ಹತ್ತು ಜನ ಬೇರೆ ಕಡೆ ದಾಟಿಸಿರುತ್ತಾರೆ. ಅಲ್ಲಿ ಹೋದದ್ದು ನಿಮ್ಮ ಕೈಗೆ ಸಿಗುವುದಿಲ್ಲ. ಅಳಿಸಿ, ಜೊತೆಗೆ ಅಲ್ಲೇ ಬರೆಯಿರಿ: ಇಂಥ ಸುದ್ದಿ ಇಷ್ಟು ಗಂಟೆಗೆ ಬಂದಿತ್ತು, ಅದು ತಪ್ಪು, ಸರಿಯಾದದ್ದು ಇದು, ವಿಚಾರಿಸಿದ್ದು ಇವರನ್ನು. ಮುಂದಕ್ಕೆ ಕಳಿಸಿದವರು ಇದನ್ನೂ ಅಲ್ಲೇ ಕಳಿಸಿ. ಹಾಕಿದವರ ಹೆಸರು ಹೇಳಿ ಮಾನ ಕಳೆಯುವುದು ಬೇಡ. ಮಾನ ಹೋದವರು ಮುಂದೆ ನಿಜ ಸುದ್ದಿ ಕೊಡುವುದನ್ನೂ ನಿಲ್ಲಿಸುತ್ತಾರೆ.

"ಇಷ್ಟೆಲ್ಲ ಮಾಡಾಕ ನಮಗೇನ್ ಪಗಾರ ಕೊಡ್ತಾರೇನು?" ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಅದಕ್ಕೇ ಒಬ್ಬರೇ ಹೊರಬೇಡಿ, ಇನ್ನಿಬ್ಬರನ್ನು ಅಡ್ಮಿನ್ ಮಾಡಿ. ಮತ್ತೆ, ಸ್ವಲ್ಪ ನಿಮ್ಮ ಗ್ರೂಪ್‌ನ ಅಡ್ಮಿನ್ ಪಟ್ಟಿ ತೆಗೆದು ನೋಡಿ. ಎಲ್ಲ ಗಂಡಸರೇ ಅಲ್ವಾ? ನಮ್ಮ ಓಣಿಗಳಲ್ಲಿ ಜನ ದಿನಾ ಕಾಯುವ ಸುದ್ದಿ ರಾಜಕೀಯದ್ದಲ್ಲ, ನೀರಿನದ್ದು. 2008ರಿಂದ ಕೆಲವು ವಾರ್ಡ್‌ಗಳಿಗೆ 24 ಗಂಟೆ ನೀರು ಬಂತು. ಉಳಿದ ಕಡೆ ಸರದಿ ಬರಲು ದಿನಗಟ್ಟಲೆ ಕಾಯುವುದು ನಿಂತಿಲ್ಲ. ಯಾವ ಓಣಿಗೆ ಎಷ್ಟೊತ್ತಿಗೆ ಬಿಡುತ್ತಾರೆ, ಪೈಪ್ ಎಲ್ಲಿ ಒಡೆದಿದೆ, ಇವತ್ತು ರಾಡಿ ನೀರು ಬಂತಾ, ಇದನ್ನೆಲ್ಲ ಕಣ್ಣಾರೆ ನೋಡಿ, ನೀರು ಬಿಡುವವನನ್ನೇ ಕೇಳಿ ತಿಳಿದವರು ಮನೆಯ ಹೆಣ್ಣುಮಕ್ಕಳು. ಊರು, ತಾರೀಖು, ಹೇಳಿದವರು, ಮೂರೂ ಅವರ ಹತ್ತಿರ ಪಕ್ಕಾ ಇರುತ್ತವೆ. ಆದರೆ ಗ್ರೂಪ್‌ನಲ್ಲಿ ಆ ಸುದ್ದಿ ಹಾಕುವವನು ಅವರಿಂದ ಕೇಳಿಕೊಂಡ ಗಂಡನೋ ಮಗನೋ ಆಗಿರುತ್ತಾನೆ, ಅದೂ ಆಫೀಸಿಗೆ ಹೋದ ಮೇಲೆ. ಮುಂದಿನ ಅಡ್ಮಿನ್ ಯಾರು ಅಂತ ನಿಮ್ಮಲ್ಲಿ ಮಾತು ಬಂದರೆ, ಓಣಿಗೊಬ್ಬರಂತೆ ಅವರನ್ನೇ ಕೇಳಿ. ನಂಬರ್ ಬಯಲಾಗುತ್ತದೆ ಅಂತ ಕೆಲವರು ಹಿಂದೆ ಸರಿಯಬಹುದು. ಅದು ಸರಿಯಾದ ಹೆದರಿಕೆಯೇ. ಹಾಗಾಗಿ ಮೊದಲು, ಗ್ರೂಪ್‌ನಿಂದ ನಂಬರ್ ಎತ್ತಿಕೊಂಡು ಹೆಣ್ಣುಮಕ್ಕಳಿಗೆ ಸುಮ್ನೆ "ಹಾಯ್" ಕಳಿಸುವವರನ್ನು ಗ್ರೂಪ್‌ನಿಂದ ಹೊರಗೆ ಹಾಕಿ. ಆಮೇಲೆ ಕೇಳಿ.

ಇಂತಿ,
ನಿಮ್ಮ ಗ್ರೂಪ್‌ನ ಒಬ್ಬ ಸದಸ್ಯ
ಧಾರವಾಡ